ಅಂಚೆಯ ಬೆನ್ನೊನಿಗೆ ಹಿಡಿದ ತೋಳ

ಬೆನ್ನೊ ಕುಬಾಶ್ ನಲವತ್ತೊಂದು ವರ್ಷ ಅಂಚೆ ಹಂಚಿದ. ಅಷ್ಟು ವರ್ಷಗಳಲ್ಲಿ ಬೇರೆಯವರ ಪೋಸ್ಟ್‌ಕಾರ್ಡ್ ಒಂದನ್ನೂ ಓದಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ನಾನು ನಂಬಿರಲಿಲ್ಲ. ಈಗ ನಂಬುತ್ತೇನೆ. ಒಂದನ್ನಾದರೂ ಓದಿದ್ದರೆ ಉಳಿದವರೂ ಓದುತ್ತಾರೆ ಎಂಬುದು ಅವನಿಗೆ ತಿಳಿದಿರುತ್ತಿತ್ತು, ಆಗ ಆ ಬೇಸಿಗೆಯಲ್ಲಿ ಆ ಕಾರ್ಡನ್ನು ಬರೆಯುತ್ತಲೇ ಇರಲಿಲ್ಲ.

ಅವನು ಹೋಗಿ ಐದು ತಿಂಗಳಾಯಿತು. ಇಗರ್ಜಿಯಲ್ಲಿ ಪಾದ್ರಿಗಳು ಅವನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದರು. ಪ್ರಾಮಾಣಿಕ, ಮಿತಭಾಷಿ, ಮಳೆ ಚಳಿ ಎನ್ನದೆ ದುಡಿದವನು. ಎಲ್ಲ ನಿಜ, ಆದರೆ ಯಾವ ಅಂಚೆಯವನಿಗೆ ಬೇಕಾದರೂ ಹೊಂದುವ ಮಾತುಗಳು. ಕಣ್ಣು ತುಂಬಿ ಕೂತಿದ್ದ ನನಗೆ ಮತ್ತೆ ಮತ್ತೆ ನೆನಪಿಗೆ ಬರುತ್ತಿದ್ದುದು ಅವನ ತೊಡೆಸಂದು. ಇಂಥ ಜಾಗದಲ್ಲಿ ಇಂಥ ನೆನಪೇ ಎಂದು ನಾಚಿಕೆಯಾಗಿ ತಲೆ ತಗ್ಗಿಸಿದೆ. ಪಕ್ಕದವರು ನಾನು ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಆದರೂ ನನ್ನ ಗೆಳೆಯನನ್ನು ಪರಿಚಯಿಸಬೇಕೆಂದರೆ ನಾನು ಅಲ್ಲಿಂದಲೇ ಶುರುಮಾಡಬೇಕು.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ನಾನು ಊರಿನ ಗ್ರಂಥಾಲಯ ಸೇರಿದೆ, ಅವನು ಅಂಚೆಯ ಹಳದಿ ಸೈಕಲ್ ಹತ್ತಿದ. ಅವನಿಗೆ ಮದುವೆಯಾಗಿರಲಿಲ್ಲ. ನನ್ನ ಪಕ್ಕದ ಮನೆಯಲ್ಲಿ ತಾಯಿಯ ಜೊತೆಗಿದ್ದ, ತಾಯಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಅರವತ್ತು ದಾಟಿದ ಮೇಲೆ, ಇನ್ನು ಈ ಜನ್ಮಕ್ಕೆ ಇಷ್ಟೇ ಎಂದು ನಾವೆಲ್ಲ ತೀರ್ಮಾನಿಸಿದ್ದಾಗ, ಉಣ್ಣೆ ಸಂತೆಯಲ್ಲಿ ಅವನಿಗೆ ರೋಸ್ವಿತಾ ಮೆಟ್ಕೆ ಸಿಕ್ಕಳು. ಕೆರೆಗಳಾಚೆ ಹನ್ನೊಂದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಎಂಬತ್ತು ಕುರಿ ಸಾಕಿಕೊಂಡಿದ್ದ ವಿಧವೆ. ಕಾಲುಚೀಲಕ್ಕೆಂದು ಉಣ್ಣೆ ಕೊಳ್ಳಲು ಹೋದವನು ಭಾನುವಾರ ಮೂರು ಗಂಟೆಯ ಕಾಫಿಗೆ ಕರೆ ಪಡೆದು ಬಂದ. ಆಮೇಲೆ ಒಂದೂವರೆ ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ವಾರವಿಡೀ ಸೈಕಲ್ ತುಳಿದವನು ಏಳನೆಯ ದಿನವೂ ತುಳಿದು ಹೋಗುತ್ತಿದ್ದ.

"ಇನ್ನೂ ಬಹುವಚನವೇನೋ?" ಎಂದು ನಾನು ಕೆಣಕುತ್ತಿದ್ದೆ.

"ಹೆಂಗಸರೇ ಮೊದಲು 'ನೀನು' ಅನ್ನು ಅಂತ ಹೇಳಬೇಕು. ಅವರಿನ್ನೂ ಹೇಳಿಲ್ಲ."

"ಅಲ್ಲಯ್ಯಾ, ಹೀಗೇ ಆದ್ರೆ ಉಂಗುರ ತೊಡಿಸೋ ಹೊತ್ತಲ್ಲೂ 'ಶ್ರೀಮತಿ ಮೆಟ್ಕೆ ಅವರೇ, ಸ್ವಲ್ಪ ಬೆರಳು ಕೊಡ್ತೀರಾ' ಅಂತೀಯ."

"ಕೇಳ್ತೀನಿ ಕಣೋ. ಬೇಸಿಗೆ ಮುಗಿಯೋದರೊಳಗೆ ಕೇಳೇ ಕೇಳ್ತೀನಿ."

ಇದು ಹನ್ನೆರಡು ವರ್ಷದ ಹಿಂದಿನ ಮಾತು. ಆ ವಸಂತದಲ್ಲಿ ತೋಳವೊಂದು ಬೇಲಿ ಹಾರಿ ಬಂದು ರೋಸ್ವಿತಾಳ ಏಳು ಕುರಿಗಳನ್ನು ಕೊಂದಿತ್ತು. ಈಸ್ಟರ್ ಭಾನುವಾರದ ಕಾಫಿಗೆ ಕೂತಾಗ ಅವಳು ಸಿಟ್ಟಿನಲ್ಲಿ, "ಆ ತೋಳನ ಹಿಡಿದು ತಂದವನು ಯಾರೇ ಆಗಲಿ, ಅವನನ್ನೇ ಮದುವೆ ಆಗ್ತೀನಿ ನೋಡಿ" ಎಂದಳಂತೆ. ಬೆನ್ನೊ ಅದನ್ನು ನನಗೆ ಮೂರು ಸಲ ಹೇಳಿದ. ಸೈಕಲ್ಲಿನಲ್ಲಿ ಬೀದಿನಾಯಿ ಕಂಡರೂ ದಾರಿ ಬದಲಿಸುತ್ತಿದ್ದ ಮನುಷ್ಯ!

ಜುಲೈ ಬಂತು, ಸೆಖೆಯೂ ಬಂತು. ಟಾರು ರಸ್ತೆ ಮೆತ್ತಗಾಗುವಂಥ ಸೆಖೆ. ಒಂದು ಸಂಜೆ ಬೆನ್ನೊ ತನ್ನ ಹಿತ್ತಲಿನಲ್ಲಿ ನಡೆಯುವುದನ್ನು ಬೇಲಿಯ ಈಚೆಯಿಂದ ನೋಡಿದೆ. ಹಿಂದೆ ಬೀದಿಯ ಎರಡು ಬೆಕ್ಕುಗಳು ಮೂಸುತ್ತಾ ಹೋಗುತ್ತಿದ್ದವು.

"ಏನೋ ಬೆನ್ನೊ, ಕಾಲ ನಡುವೆ ಪೀಪಾಯಿ ಇಟ್ಕೊಂಡೋನ ಹಾಗೆ ನಡೀತಿದ್ದೀಯ?"

"ಸೊಂಟ ಹಿಡ್ಕೊಂಡಿದೆ."

"ಸೊಂಟ ಹಿಡ್ಕೊಂಡ್ರೆ ಬಗ್ಗಿ ನಡೀತಾರೆ, ಅಗಲ ಆಗಿ ನಡೆಯಲ್ಲ."

ಅವನು ಅತ್ತ ಇತ್ತ ನೋಡಿ ಬೇಲಿಯ ಹತ್ತಿರ ಬಂದ. ಬೆಕ್ಕುಗಳೂ ಬಂದವು.

"ತೋಳ" ಎಂದು ಪಿಸುಗುಟ್ಟಿದ.

ತುಂಬಾ ನಡೆದು, ಇಲ್ಲವೇ ಸವಾರಿ ಮಾಡಿ, ಬೆವರಿನಲ್ಲಿ ತೊಡೆಸಂದು ಉಜ್ಜಿಕೊಂಡು ಕೆಂಪಗೆ ಉರಿಯತೊಡಗಿದರೆ ನಮ್ಮಲ್ಲಿ ತೋಳ ಹಿಡಿಯಿತು ಎನ್ನುತ್ತಾರೆ. ಯಾಕೆ ತೋಳ, ಯಾಕೆ ನರಿಯಲ್ಲ ಎಂದು ನಾನು ಗ್ರಂಥಾಲಯದ ನಿಘಂಟುಗಳಲ್ಲೆಲ್ಲ ಹುಡುಕಿದ್ದೇನೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸೈನ್ಯದಲ್ಲಿ ಕವಾಯತು ಮಾಡಿದ ನಮ್ಮ ತಲೆಮಾರಿನವರಿಗೆ ಇದು ಚಿರಪರಿಚಿತ ಪ್ರಾಣಿ. ಆದರೆ ನಮ್ಮ ಲೌಸಿಟ್ಸ್ ಸೀಮೆಗೆ ನಿಜವಾದ ತೋಳಗಳು ಸುಮಾರು ನೂರು ವರ್ಷಗಳ ಮೇಲೆ ಗಡಿ ದಾಟಿ ವಾಪಸು ಬಂದಾಗಿನಿಂದ ಆ ಹಳೆಯ ಮಾತು ಮೂಲೆ ಸೇರಿತ್ತು. ಈಗ ಇಲ್ಲಿ ಯಾರಾದರೂ ತೋಳ ಎಂದರೆ ಮೊದಲು ಕುರಿ ಎಣಿಸುತ್ತಾರೆ.

"ಎಷ್ಟು ದಿನ ಆಯ್ತು?"

"ನಾಲ್ಕು ವಾರ."

"ನಾಲ್ಕು ವಾರ! ಏನು ಹಾಕ್ತಿದ್ದೀಯ?"

ಅವನು ಜೇಬಿನಿಂದ ಒಂದು ಚಪ್ಪಟೆ ಡಬ್ಬಿ ತೆಗೆದ. ಸಾರಂಗದ ಕೊಬ್ಬಿನ ಮುಲಾಮು. ನಮ್ಮ ಕಡೆ ದೂರ ನಡೆಯುವವರೆಲ್ಲ ಹೊರಡುವ ಮುಂಚೆ ಹಚ್ಚಿಕೊಳ್ಳುವಂಥದ್ದು. ಬೆಕ್ಕುಗಳ ರಹಸ್ಯ ಅದು.

"ತೋಳಕ್ಕೆ ಸಾರಂಗದ ಕೊಬ್ಬು ಹಾಕಿದ್ರೆ ಅದು ಯಾಕೆ ಹೋಗುತ್ತೋ? ಊಟ ಚೆನ್ನಾಗಿದೆ ಅಂತ ಸಂಸಾರ ಸಮೇತ ಕೂರುತ್ತೆ."

ಅವನು ನಗಲಿಲ್ಲ. ಒಂದೊಂದಾಗಿ ಹೊರಬಂತು. ಮೊದಲ ವಾರ ಅಗಸೆ ಎಣ್ಣೆ ಹಚ್ಚಿದ್ದ. ಆಲೂಗಡ್ಡೆ ಮೊಸರಿಗೆ ಸುರಿದುಕೊಳ್ಳುವ ಅದೇ ಎಣ್ಣೆ. ನಮ್ಮ ಸೀಮೆಯವರು ಅದನ್ನು ಕೀಲು ನೋವಿಗೂ ಹಚ್ಚುತ್ತಾರೆ, ಬಾಗಿಲಿನ ಕೀಲಿಗೂ ಹಚ್ಚುತ್ತಾರೆ. ಆಮೇಲೆ ಸ್ವಚ್ಛವಾಗಲೆಂದು ಬಟ್ಟೆ ಒಗೆಯುವ ಸೋಪಿನಲ್ಲಿ ದಿನಕ್ಕೆ ಮೂರು ಸಲ ತಿಕ್ಕಿ ತೊಳೆದ. ಕ್ರಿಮಿ ಸಾಯಲೆಂದು ಒಂದು ಸಂಜೆ ಸಾರಾಯಿ ಒರೆಸಿದ. ("ಅವತ್ತು ನೀನು ಕೂಗಿದ್ದು ಕೇಳಿಸ್ತು. ಫುಟ್‌ಬಾಲ್ ನೋಡ್ತಿದ್ದೀಯ ಅಂದ್ಕೊಂಡೆ" ಎಂದೆ.) ಆಮೇಲೆ ಮಕ್ಕಳ ಪೌಡರ್. ಅದು ಬೆವರಿನ ಜೊತೆ ಕಲಸಿ ಹಿಟ್ಟಾಗಿ, ಉಂಡೆಯುಂಡೆಯಾಗಿ ಇನ್ನಷ್ಟು ಉಜ್ಜಿತು. ಕೊನೆಗೆ ತಾಯಿಯ ಕಪಾಟಿನಲ್ಲಿ ಅವಳ ಇಸುಬಿಗೆ ಕೊಟ್ಟಿದ್ದ ಕ್ರೀಮಿನ ಹಳೆಯ ಟ್ಯೂಬು ಸಿಕ್ಕಿತು.

"ಅದು ಒಳ್ಳೇದಿತ್ತು ಕಣೋ. ನಾಲ್ಕು ದಿನ ಸ್ವರ್ಗ. ಐದನೇ ದಿನದಿಂದ ಎರಡರಷ್ಟು ಅಗಲ ಆಯ್ತು."

"ಡಾಕ್ಟರಿಗೆ ತೋರಿಸು."

"ಡಾಕ್ಟರ್ ಯಾರು ಹೇಳು? ಶಿಮಂಗ್ ಮಗಳು! ಸ್ಕೂಲಿಗೆ ಹೋಗ್ವಾಗ ನನ್ನ ಸೈಕಲ್ ಬೆಲ್ ಬಾರಿಸೋಕೆ ಓಡಿ ಬರ್ತಿದ್ದ ಹುಡುಗಿ. ಅವಳ ಮುಂದೆ ಚಡ್ಡಿ ಬಿಚ್ಚಲಾ ನಾನು?"

"ರೋಸ್ವಿತಾಗೆ ಏನು ಹೇಳಿದ್ದೀಯ?"

ಹಿಂದಿನ ಎರಡು ಭಾನುವಾರ ಅವನು ಹೋಗಿರಲಿಲ್ಲ. ಸೀಟಿನ ಮೇಲೆ ಹನ್ನೊಂದು ಕಿಲೋಮೀಟರ್ ಕೂರಲು ಆಗುತ್ತಿರಲಿಲ್ಲ. ಸೊಂಟ ನೋವೆಂದು ಅಂಚೆ ಕೆಲಸಕ್ಕೂ ರಜೆ ಹಾಕಿದ್ದ. ಮೊದಲ ವಾರ ಫೋನಿನಲ್ಲಿ ಸೈಕಲ್ ಪಂಕ್ಚರ್ ಎಂದ. ಎರಡನೇ ವಾರ ಡ್ರೆಸ್ಡೆನ್‌ನಿಂದ ದೊಡ್ಡಪ್ಪನ ಮಗ ಬಂದಿದ್ದಾನೆ ಎಂದ. ಬೆನ್ನೊನಿಗೆ ದೊಡ್ಡಪ್ಪನೇ ಇರಲಿಲ್ಲ, ರೋಸ್ವಿತಾಳಿಗೆ ಅದು ಗೊತ್ತಿತ್ತು. "ಬರೋಕೆ ಇಷ್ಟ ಇಲ್ಲದಿದ್ರೆ ಹಾಗಂತ ಹೇಳಿ, ಕುಬಾಶ್ ಅವರೇ" ಎಂದು ಫೋನ್ ಇಟ್ಟಿದ್ದಳು.

"ಇನ್ನು ಸುಳ್ಳು ಹೇಳಲ್ಲ. ನಿಜಾನೇ ಬರೆದುಬಿಡ್ತೀನಿ. ಸ್ವಲ್ಪ ಸೂಕ್ಷ್ಮವಾಗಿ" ಎಂದ ಬೆನ್ನೊ.

ಬರೆದ. ಲಕೋಟೆಯಲ್ಲಿ ಹಾಕಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಇಲಾಖೆಯ ಮೇಲೆ ಅಷ್ಟು ಭರವಸೆ. ಆ ಕಾರ್ಡನ್ನು ನಾನು ಆಮೇಲೆ ನೋಡಿದೆ. ಮುಂದೆ ಒಂದು ಸೂರ್ಯಕಾಂತಿ ಹೂವು, ಹಿಂದೆ ಅವನ ದುಂಡಗಿನ ಅಕ್ಷರ:

"ಗೌರವಾನ್ವಿತ ಶ್ರೀಮತಿ ಮೆಟ್ಕೆ ಅವರಿಗೆ. ಈ ಭಾನುವಾರವೂ ಬರಲಾರೆ. ತೋಳ ಹಿಡಿದು ಮನೆಯಲ್ಲೇ ಇದ್ದೇನೆ. ದಿನಕ್ಕೆ ಎರಡು ಸಲ ಸಾರಂಗದ ಕೊಬ್ಬು ಹಾಕುತ್ತಿದ್ದೇನೆ, ಇನ್ನೂ ತಣಿದಿಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ. ನಿಮ್ಮ ಬೆನ್ನೊ ಕುಬಾಶ್."

ಶನಿವಾರ ಮಧ್ಯಾಹ್ನ ನಾವಿಬ್ಬರೂ ಅವನ ಹಿತ್ತಲಿನಲ್ಲಿ ಕೂತಿದ್ದೆವು. ಗಾಳಿಯಾಡಲಿ ಎಂದು ಅವನು ಸೊಂಟಕ್ಕೆ ಕೆಂಪು ಚೌಕಳಿಯ ಮೇಜಿನ ಬಟ್ಟೆಯೊಂದನ್ನು ಸುತ್ತಿಕೊಂಡಿದ್ದ. ಒಳಗೆ ಏನೂ ಇರಲಿಲ್ಲ. ಅಷ್ಟರಲ್ಲಿ ಗೇಟಿನ ಮುಂದೆ ಸರ್ಕಾರಿ ಜೀಪೊಂದು ನಿಂತು, ದಪ್ಪ ಕೈಗವಸು ಹಾಕಿಕೊಂಡು, ತುದಿಗೆ ಹಗ್ಗದ ಕುಣಿಕೆಯಿದ್ದ ಉದ್ದನೆಯ ಕೋಲು ಹಿಡಿದ ಒಬ್ಬರು ಇಳಿದರು.

"ಕುಬಾಶ್ ಅಂದ್ರೆ ನೀವೇನಾ? ನಾನು ಟೀಟ್ಸೆ. ನಿಮಗೆ ತೋಳ ಇದೆ ಅಂತ ಗೊತ್ತಾಯ್ತು."

ಬೆನ್ನೊ ನನ್ನ ಕಡೆ ತಿರುಗಿದ. "ಯಾರಿಗೋ ಹೇಳಿದೆ?"

"ನಾನು ಉಸಿರು ಬಿಟ್ಟಿಲ್ಲ ಮಾರಾಯ."

"ಇದಕ್ಕೂ ಸರ್ಕಾರದೋರು ಬರ್ತೀರಾ?" ಎಂದ ಬೆನ್ನೊ, ಕೋಲಿನ ಕುಣಿಕೆಯನ್ನೇ ನೋಡುತ್ತಾ.

"ಬರಲೇಬೇಕಲ್ಲ ಸ್ವಾಮಿ. ಎಷ್ಟು ದಿನದಿಂದ ಇದೆ?"

"ಐದನೇ ವಾರ."

ಟೀಟ್ಸೆ ಬಾಯಲ್ಲಿ ಲೊಚಗುಟ್ಟಿ ಬರೆದುಕೊಂಡರು. "ಒಂದೇನಾ?"

"ಎರಡು ಕಡೆನೂ ಇದೆ. ಎಡಗಡೇದು ಜಾಸ್ತಿ ದೊಡ್ಡದು."

"ಎರಡು! ಏನು ಹಾಕ್ತಿದ್ದೀರಿ?"

"ಸಾರಂಗದ ಕೊಬ್ಬು."

"ಗಾಯ ಏನಾದ್ರೂ ಮಾಡಿದೆಯಾ?"

"ಸ್ವಲ್ಪ ಚರ್ಮ ಕಿತ್ತಿದೆ. ರಾತ್ರಿ ಜಾಸ್ತಿ ಕಾಟ."

"ರಾತ್ರಿನೇ ಅವು ಚುರುಕು" ಎಂದು ಟೀಟ್ಸೆ ತಲೆಯಾಡಿಸಿದರು. "ಸರಿ. ಎಲ್ಲಿ ಕಟ್ಟಿ ಹಾಕಿದ್ದೀರಿ?"

ಬೆನ್ನೊ ತನ್ನ ಸೊಂಟದ ಬಟ್ಟೆಯನ್ನು ನೋಡಿಕೊಂಡ. ನನಗೆ ಅಷ್ಟು ಹೊತ್ತಿಗಾಗಲೇ ಅರ್ಥವಾಗಿತ್ತು, ಆದರೆ ನಗು ತಡೆಯುವುದರಲ್ಲೇ ನನ್ನ ಶಕ್ತಿಯೆಲ್ಲ ಖರ್ಚಾಗುತ್ತಿತ್ತು. ಬಂದವರು ತೋಳಗಳ ಕಚೇರಿಯವರು. ತೋಳ ಹಿಡಿಯುವುದು, ಕೂಡಿಹಾಕುವುದು ನಮ್ಮಲ್ಲಿ ದೊಡ್ಡ ಅಪರಾಧ. ಬೆನ್ನೊನ ಸಹೋದ್ಯೋಗಿಗಳಲ್ಲಿ ಯಾರೋ ಅವನ ಹಾಗೆ ಕಣ್ಣು ಮುಚ್ಚಿಕೊಂಡು ಕಾರ್ಡ್ ಹಂಚುವವರಲ್ಲ ಎಂಬುದು ಸ್ಪಷ್ಟವಾಗಿತ್ತು.

ಅವನು ಸಾವರಿಸಿಕೊಳ್ಳುವ ಮೊದಲೇ ರೋಸ್ವಿತಾಳ ಹಳೆಯ ವ್ಯಾನು ಬಂತು. ಕೈಯಲ್ಲಿ ಪ್ಲಮ್ ಹಣ್ಣಿನ ಕೇಕು ಹಿಡಿದು ಅವಳು ಓಡುತ್ತಲೇ ಬಂದಳು. ಮುಖ ಕೆಂಪಾಗಿತ್ತು.

"ಕುಬಾಶ್ ಅವರೇ, ನಿಜವಾಗ್ಲೂ ಹಿಡಿದುಬಿಟ್ರಾ? ನಾನು ಈಸ್ಟರ್‌ನಲ್ಲಿ ಹೇಳಿದ್ದು ಬರೀ ತಮಾಷೆಗೆ. ಅಂದ್ರೆ, ಪೂರ್ತಿ ತಮಾಷೆ ಏನಲ್ಲ..." ಕುಣಿಕೆಯ ಕೋಲು ಕಂಡು ಅವಳು ನಿಂತಳು. "ಅಯ್ಯೋ, ಇವರು ಯಾರು? ನಾನು ಯಾರಿಗೂ ಹೇಳಿಲ್ಲ!"

ಬೆನ್ನೊನನ್ನು ಯಾವ ಹೆಂಗಸೂ ಹಿಂದೆಂದೂ ಹಾಗೆ ನೋಡಿರಲಿಲ್ಲ. ಅವಳ ಕಣ್ಣಲ್ಲಿ ಆ ಕ್ಷಣಕ್ಕೆ ಅವನು ತೋಳ ಹಿಡಿದ ಗಂಡಸು. ಸುತ್ತಿದ ಮೇಜಿನ ಬಟ್ಟೆಯ ಗಂಟನ್ನು ಬಿಗಿಹಿಡಿದು, ಎದೆ ಸ್ವಲ್ಪ ಮುಂದಕ್ಕೆ ಮಾಡಿ, ಅವನು ಹೇಳಿದ:

"ಬಿಟ್ಟುಬಿಟ್ಟೆ."

"ಬಿಟ್ಟುಬಿಟ್ರಾ?" ಎಂದರು ಟೀಟ್ಸೆ ಮತ್ತು ರೋಸ್ವಿತಾ ಒಟ್ಟಿಗೆ.

"ಕಾಡಲ್ಲಿ."

"ಹಾಗಾದ್ರೆ ಹಿಡಿದದ್ದನ್ನ ಒಪ್ಕೊಂಡ ಹಾಗಾಯ್ತು" ಎಂದು ಟೀಟ್ಸೆ ಹೊಸ ಹಾಳೆ ತಿರುವಿದರು.

"ನನ್ನ ಏಳು ಕುರಿ ತಿಂದದ್ದನ್ನ ಬಿಟ್ಟು ಬಂದ್ರಾ?" ಎಂದು ರೋಸ್ವಿತಾ ಕೇಕನ್ನು ಬೆಂಚಿನ ಮೇಲೆ ಕುಕ್ಕಿದಳು.

ನಾನು ಅವನ ಕಿವಿಯಲ್ಲಿ ಹೇಳಿದೆ. "ಲೋ ಪೆದ್ದ, ಜೈಲಿಗೆ ಹೋಗ್ತೀಯ. ನಿಜ ಹೇಳು."

ಅವನು ರೋಸ್ವಿತಾಳನ್ನು ನೋಡಿದ. ಆಮೇಲೆ ಟೀಟ್ಸೆಯವರ ತೋಳು ಹಿಡಿದು, "ಒಂದು ನಿಮಿಷ ಒಳಗೆ ಬನ್ನಿ" ಎಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಒಳಗಿನಿಂದ ಗುಸುಗುಸು ಕೇಳಿಸಿತು. ನಂತರ ಟೀಟ್ಸೆಯವರ ದನಿ ಜೋರಾಯಿತು: "ಬಾಯಿಮಾತಲ್ಲಿ ಕೇಸು ಮುಚ್ಚೋಕೆ ಆಗಲ್ಲ ಸ್ವಾಮಿ, ಕಣ್ಣಾರೆ ನೋಡಿದೆ ಅಂತ ಬರೀಬೇಕು." ಆಮೇಲೆ, "ಅಯ್ಯಯ್ಯೋ. ತುಂಬಾ ಉರೀತಿರಬೇಕು."

ಹೊರಗೆ ಬಂದಾಗ ಟೀಟ್ಸೆಯವರ ಕಿವಿ ಮೇಜಿನ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. "ತಪ್ಪು ಮಾಹಿತಿ. ತೋಳ ಇಲ್ಲ. ಅಂದ್ರೆ, ಇರೋದು ನಮ್ಮ ಇಲಾಖೆಗೆ ಸೇರಿದ್ದಲ್ಲ" ಎಂದರು. ಜೀಪು ಹತ್ತುವಾಗ ತಿರುಗಿ, "ಬೇಗ ತೋರಿಸಿಬಿಡಿ, ಕುಬಾಶ್ ಅವರೇ. ತಡ ಮಾಡಬೇಡಿ" ಎಂದರು.

"ಏನು ತೋರಿಸಬೇಕು?" ಎಂದಳು ರೋಸ್ವಿತಾ.

"ಏನಿಲ್ಲ" ಎಂದ ಬೆನ್ನೊ.

ಅವಳ ಮುಖದಲ್ಲಿದ್ದ ಸಿಟ್ಟು ಇಳಿದು ಬೇರೇನೋ ಬಂತು. ಸಿಟ್ಟೇ ವಾಸಿಯಿತ್ತು.

"ನನ್ನ ಗಂಡನೂ ಎಂಟು ತಿಂಗಳು ಏನಿಲ್ಲ, ಏನಿಲ್ಲ ಅಂತಾನೇ ಇದ್ದ. ಒಂಬತ್ತನೇ ತಿಂಗಳಲ್ಲಿ ಹೂತು ಬಂದೆ" ಎಂದಳು. "ನನಗೆ ತೋಳ ಹಿಡಿಯೋ ಗಂಡಸು ಬೇಡ, ಕುಬಾಶ್ ಅವರೇ. ಆದ್ರೆ 'ಏನಿಲ್ಲ' ಅನ್ನೋ ಗಂಡಸಿನ ಜೊತೆ ಇನ್ನೊಂದು ಸಲ ಬದುಕೋ ಶಕ್ತಿ ನನಗಿಲ್ಲ. ಎಲ್ಲಿಂದಲೋ ಬಂದ ಆ ಅಧಿಕಾರಿಗೆ ಹೇಳೋಕಾಗುತ್ತೆ, ನನಗೆ ಹೇಳೋಕಾಗಲ್ಲ. ಮುಂದಿನ ಭಾನುವಾರ ಮೂರು ಗಂಟೆಗೆ ಕಾಫಿ ಇಟ್ಟಿರ್ತೀನಿ. ಹೇಳೋದಿದ್ರೆ ಬನ್ನಿ. ಇಲ್ಲ ಅಂದ್ರೆ ಇನ್ನು ನಿಮಗೋಸ್ಕರ ಕಾಫಿ ಇಡಲ್ಲ."

ಅವಳು ಹೋದ ಮೇಲೆ ನಾವು ಕೇಕು ತಿನ್ನಲಿಲ್ಲ. ನಾನು ಬೆನ್ನೊನನ್ನು ಕೆಣಕಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅವನನ್ನು ಕಾರಿನಲ್ಲಿ ಶಿಮಂಗ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಬ್ಬನೇ ಒಳಗೆ ಹೋಗುವುದಿಲ್ಲ ಎಂದು ಹಟ ಹಿಡಿದ. ಹಾಗಾಗಿ ನಾನು ಪರದೆಯ ಈಚೆ ಕೂತು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರ ನೋಡುತ್ತಿದ್ದೆ. ಅವನನ್ನು ಒಳಗೆ ತಳ್ಳಿದ್ದು ತುರಿಕೆಯಲ್ಲ, ಭಾನುವಾರ.

"ಬನ್ನಿ ಅಂಚೆ ಮಾಮ" ಎಂದರು ಡಾಕ್ಟರ್. "ಕಾಲುಚೀಲ ಬಿಚ್ಚಿ."

"ಕಾಲಿಂದಲ್ಲಮ್ಮ. ಅದು... ಸ್ವಲ್ಪ ಮೇಲಿಂದು."

"ಫೋನಲ್ಲಿ ಹೇಳಿದ್ರಲ್ಲ, ಗೊತ್ತು. ಕಾಲು ಮೊದಲು." ಸ್ವಲ್ಪ ಹೊತ್ತಿನ ಮೇಲೆ, "ನೋಡಿ, ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲೀತಿದೆ. ಎಷ್ಟು ವರ್ಷದಿಂದ?"

"ಅದು ಎಲ್ಲಾ ಅಂಚೆಯವರಿಗೂ ಇರುತ್ತಮ್ಮ."

"ಬೆಳಿಗ್ಗೆ ಮೊದಲು ಏನು ಹಾಕ್ಕೊಳ್ತೀರಿ? ಚಡ್ಡಿನೋ, ಕಾಲುಚೀಲನೋ?"

"ಚಡ್ಡಿ. ಎಲ್ಲರೂ ಹಾಗೇ ತಾನೇ?"

"ಆ ಕಾಲು ತೂರಿಸಿಕೊಂಡೇ ಚಡ್ಡಿ ಮೇಲೆ ಹೋಗುತ್ತೆ. ಬೆರಳ ಸಂದಿಯ ಹುಳುಕಡ್ಡಿಗೆ ದಿನಾ ಬೆಳಿಗ್ಗೆ ನೀವೇ ಬಸ್ಸು ಬಿಟ್ಟ ಹಾಗೆ. ಇನ್ಮೇಲೆ ಕಾಲುಚೀಲ ಮೊದಲು, ಚಡ್ಡಿ ಆಮೇಲೆ. ಈಗ ಮೇಲಿಂದು ತೋರಿಸಿ."

ಪರದೆಯಾಚೆ ಬಹಳ ಹೊತ್ತು ಬಕಲ್ಲಿನ ಸದ್ದು. ಡಾಕ್ಟರು ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಶುರುವಾದದ್ದು ಬರೀ ಉಜ್ಜುವಿಕೆಯಿಂದ ಎಂದರು: ಸೈಕಲ್ ಸೀಟು, ಸೆಖೆ, ಬೆವರು ಹೀರದ ನೈಲಾನ್ ಚಡ್ಡಿ, ಸ್ವಲ್ಪ ಹೊಟ್ಟೆಯೂ. ಆಗಲೇ ಎರಡು ದಿನ ಸೈಕಲ್ ಬಿಟ್ಟು ಒಣಗಲು ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸೋಪು, ಸಾರಾಯಿ ಚರ್ಮವನ್ನು ಸುಲಿದವು. ಸದಾ ಒದ್ದೆಯಾಗಿದ್ದ ಜಾಗದಲ್ಲಿ ಹುಳುಕಡ್ಡಿ ಬೇರು ಬಿಟ್ಟಿತು. ಮಧ್ಯೆ ಮಾಸಲು, ಸುತ್ತ ಕೆಂಪು ಅಂಚು, ಅದೇ ಅದರ ಗುರುತು.

"ಅಮ್ಮನ ಕ್ರೀಮ್ ಹಾಕಿದಾಗ ಕಮ್ಮಿ ಆಗಿತ್ತಲ್ಲ?"

"ಅದು ಕೆಂಪನ್ನ ಅಡಗಿಸುತ್ತೆ ಮಾಮ, ಹುಳುಕಡ್ಡಿಯನ್ನ ಕೊಲ್ಲಲ್ಲ. ಕಾವಲುಗಾರನನ್ನ ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ. ಆ ಟ್ಯೂಬನ್ನ ಇವತ್ತೇ ಬಿಸಾಕಿ."

ಬೇರೆ ಮುಲಾಮು ಬರೆದುಕೊಟ್ಟರು. ದಿನಕ್ಕೆ ಎರಡು ಸಲ, ಕೆಂಪು ಅಂಚಿನಿಂದ ಎರಡು ಬೆರಳಷ್ಟು ಆಚೆಗೂ, ಕಾಲ್ಬೆರಳ ಸಂದಿಗೂ. ವಾಸಿಯಾಯಿತು ಎನ್ನಿಸಿದ ಮೇಲೂ ಇನ್ನೊಂದು ವಾರ ಬಿಡುವಂತಿಲ್ಲ. ಬರೀ ನೀರು, ಇಲ್ಲವೇ ಸೌಮ್ಯವಾದ ಸೋಪು. ಒರೆಸುವಾಗ ಉಜ್ಜಬಾರದು, ಒತ್ತಿ ಒತ್ತಿ ಆರಿಸಬೇಕು. ಆ ಜಾಗಕ್ಕೆ ಬೇರೆ ಟವೆಲ್, ಅದನ್ನೂ ಒಳಉಡುಪನ್ನೂ ಕುದಿ ಬಿಸಿ ನೀರಲ್ಲಿ ಒಗೆಯಬೇಕು. ತೊಡೆಯವರೆಗೆ ಬರುವ ಸಡಿಲ ಹತ್ತಿ ಚಡ್ಡಿ, ಬೆವರಿದರೆ ಮಧ್ಯಾಹ್ನ ಇನ್ನೊಂದು. ಇಷ್ಟು ದಿನ ಎಳೆದದ್ದಕ್ಕೆ ಸಕ್ಕರೆ ಕಾಯಿಲೆಯೇನಾದರೂ ಇದೆಯೇ ಎಂದು ರಕ್ತವನ್ನೂ ತೆಗೆದುಕೊಂಡರು. ಇರಲಿಲ್ಲ.

"ಸಾರಂಗದ ಕೊಬ್ಬು?" ಎಂದ ಬೆನ್ನೊ, ಆಸೆ ಬಿಡದೆ.

"ವಾಸಿಯಾದ ಮೇಲೆ, ಸೈಕಲ್ ಹತ್ತೋ ಮುಂಚೆ ತೆಳ್ಳಗೆ. ಈಗ ಬೇಡ."

"ಮತ್ತೆ... ಇದು ಬೇರೆಯವರಿಗೆ ಹತ್ತುತ್ತಾಮ್ಮ?"

"ಮೈಗೆ ಮೈ ತಗಲಿದ್ರೆ, ಟವೆಲ್ ಹಂಚ್ಕೊಂಡ್ರೆ ಹತ್ತುತ್ತೆ. ಯಾಕೆ, ಯಾರಾದ್ರೂ ಇದ್ದಾರಾ?"

"ಇಲ್ಲ ಇಲ್ಲ. ಕಾಫಿ ಕುಡಿಯೋಕೆ ಹೋಗ್ತೀನಿ, ಅಷ್ಟೇ."

"ಕಾಫಿಯಿಂದ ಹತ್ತಲ್ಲ ಮಾಮ. ಧೈರ್ಯವಾಗಿ ಹೋಗಿ."

ಭಾನುವಾರದ ಹೊತ್ತಿಗೆ ಉರಿ ಅರ್ಧ ಇಳಿದಿತ್ತು. ಆದರೂ ಸೈಕಲ್ ಕೂಡದು, ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನು ವಾಕ್ಯ ಕಟ್ಟುತ್ತಿದ್ದ. "'ನನ್ನ ದೇಹದ ಕೆಳಭಾಗದಲ್ಲಿ' ಅಂದ್ರೆ ಹೇಗೆ?" "ಮಂಡಿ ಅಂದ್ಕೊಳ್ತಾಳೆ." "'ನಡುವಿನ ಪ್ರದೇಶದಲ್ಲಿ'?" "ಹವಾಮಾನ ವರದಿ ಅಂದ್ಕೊಳ್ತಾಳೆ." ನಾನು ಕಾರಿನಲ್ಲೇ ಇರುತ್ತೇನೆಂದೆ. ರೋಸ್ವಿತಾ ಬಿಡಲಿಲ್ಲ. ಮೂರು ಬಟ್ಟಲು ಇಟ್ಟಿದ್ದಳು.

ಬೆನ್ನೊ ಕುರ್ಚಿಯ ತುದಿಯಲ್ಲಿ ಕೂತ. "ಶ್ರೀಮತಿ ಮೆಟ್ಕೆ ಅವರೇ" ಎಂದ. ನಿಂತ. "ನಿಮಗೆ ನಾನು... ನಿಮ್ಮ ಎದುರಿಗೆ ನನ್ನ..." ಬೆವರು ಒರೆಸಿಕೊಂಡ. "ಆಗ್ತಿಲ್ಲ. ಹೇಳಬೇಕು ಅಂತಾನೇ ಬಂದೆ. ಆದ್ರೆ ಇದನ್ನ ಬಹುವಚನದಲ್ಲಿ ಹೇಳೋಕೆ ಆಗ್ತಿಲ್ಲ."

ರೋಸ್ವಿತಾ ಕಾಫಿಯ ಹೂಜಿ ಕೆಳಗಿಟ್ಟಳು.

"ಹಾಗಾದ್ರೆ ನೀನು ಅನ್ನಿ" ಎಂದಳು. "ನಾನು ರೋಸ್ವಿತಾ."

"ನಾನು ಬೆನ್ನೊ" ಎಂದ, ಒಂದೂವರೆ ವರ್ಷದ ಪರಿಚಯದ ಮೇಲೆ. ಇಬ್ಬರೂ ಮೇಜಿನ ಮೇಲೆ ಕೈ ಕುಲುಕಿದರು. ಅವನು ಕೈ ಬಿಡದೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ:

"ರೋಸ್ವಿತಾ, ನಂಗೆ ತೊಡೆಸಂದಲ್ಲಿ ಹುಳುಕಡ್ಡಿ ಆಗಿದೆ. ಮೊದಲು ತೋಳ ಹಿಡೀತು, ಸೈಕಲ್ ಸೀಟಿಂದ. ನಾನು ಏನೇನೋ ಹಚ್ಚಿ ಕೆಡಿಸ್ಕೊಂಡೆ. ಡಾಕ್ಟರಿಗೆ ತೋರಿಸಿದೆ. ಮೂರು ವಾರದಲ್ಲಿ ಹೋಗುತ್ತಂತೆ. ನಿನಗೆ ಹೇಳೋಕೆ ನಾಚಿಕೆ ಆಯ್ತು."

"ಅಷ್ಟೇನಾ? ಬೇರೇನೂ ಇಲ್ವಾ?"

"ಕಾಲ್ಬೆರಳಲ್ಲೂ ಇದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ತೋಳ" ಎಂದಳು. "ಆ ತೋಳ! ಅಯ್ಯೋ ದೇವರೇ, ಸಾರಂಗದ ಕೊಬ್ಬು!" ಮೇಜಿಗೆ ಹಣೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಅಳುತ್ತಿದ್ದಳೆಂದು ನನಗೆ ತಿಳಿಯಿತು. ಆ ಒಂದು ವಾರ ಅವಳು ಏನೇನು ಕಾಯಿಲೆಗಳನ್ನು ಲೆಕ್ಕ ಹಾಕಿದ್ದಳೋ! ಮುಖ ಒರೆಸಿಕೊಂಡು ಎದ್ದಳು.

"ಎಲ್ಲಿ, ತೋರಿಸು."

"ಏನು?" ಬೆನ್ನೊ ಬೆಲ್ಟು ಹಿಡಿದುಕೊಂಡ.

"ಮುಲಾಮು ಸರಿಯಾಗಿ ಹಚ್ತಿದ್ದೀಯೋ ಇಲ್ವೋ ನೋಡ್ತೀನಿ. ಮೂವತ್ತು ವರ್ಷದಲ್ಲಿ ಎಷ್ಟು ಟಗರುಗಳ ತೊಡೆ ಎತ್ತಿ ನೋಡಿದ್ದೀನಿ ಗೊತ್ತಾ?"

"ನಾನು ಟಗರಲ್ಲ."

"ಅಲ್ಲ. ಟಗರು ಇಷ್ಟು ಸತಾಯಿಸಲ್ಲ."

ನಾನು ಕಾಫಿ ಬಟ್ಟಲು ಹಿಡಿದುಕೊಂಡು ಕುರಿಗಳನ್ನು ನೋಡಲು ಹೊರಗೆ ಹೋದೆ. ಅವು ಎಂಬತ್ತಕ್ಕೆ ಏಳು ಕಮ್ಮಿ ಇದ್ದವು.

ಮದುವೆಯ ಮಾತನ್ನು ಕೊನೆಗೂ ಅವನು ಕೇಳಲಿಲ್ಲ, ಅವಳೇ ಕೇಳಿದಳು. ಅಕ್ಟೋಬರಿನಲ್ಲಿ ಆಯಿತು. ಮುಂದಿನ ವಸಂತದಲ್ಲಿ ಅವನು ನಿವೃತ್ತನಾದ. ಪಕ್ಕದ ಮನೆ ಮಾರಿ ಕೆರೆಗಳಾಚೆ ಹೋದ. ಬರೀ ಕಾಲುಚೀಲ ಹಾಕಿಕೊಂಡು ಚಡ್ಡಿ ಹುಡುಕುತ್ತಾ ಓಡಾಡುವ ಗಂಡನ ವರ್ಣನೆಯನ್ನು ರೋಸ್ವಿತಾ ಪ್ರತಿ ಹುಟ್ಟುಹಬ್ಬದಲ್ಲೂ ನೆಂಟರ ಮುಂದೆ ಮಾಡುತ್ತಿದ್ದಳು. ಅವನು ಕೆಂಪಾಗಿ ಕೂತಿರುತ್ತಿದ್ದ, ಆದರೆ ನಿಲ್ಲಿಸು ಎಂದು ಒಮ್ಮೆಯೂ ಹೇಳಲಿಲ್ಲ.

ಹನ್ನೊಂದು ವರ್ಷ ಹೀಗೆ ಕಳೆದವು. ಹೋದ ಸೆಪ್ಟೆಂಬರಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಆರು ತಿಂಗಳು ಹಾಸಿಗೆ. ಹಾಸಿಗೆ ಹಿಡಿದವರ ಮೈಯಲ್ಲಿ ಸಂದುಗಳೇ ಮೊದಲು ಕೆಡುತ್ತವೆ, ಒದ್ದೆ ನಿಂತು, ಚರ್ಮಕ್ಕೆ ಚರ್ಮ ಒತ್ತಿ. ರೋಸ್ವಿತಾ ದಿನಕ್ಕೆ ನಾಲ್ಕು ಸಲ ಮಗ್ಗುಲು ತಿರುಗಿಸಿ, ತೊಡೆಸಂದನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒತ್ತಿ ಆರಿಸಿ, ಮೆತ್ತನೆಯ ಬಟ್ಟೆ ಮಡಿಸಿ ನಡುವೆ ಇಡುತ್ತಿದ್ದಳು. ಭಾನುವಾರಗಳಲ್ಲಿ ತಿರುಗಿಸಲು ನಾನು ಕೈ ಜೋಡಿಸುತ್ತಿದ್ದೆ. ವಾರಕ್ಕೊಮ್ಮೆ ಬರುತ್ತಿದ್ದ ನರ್ಸು ಹುಡುಕಿ ಹುಡುಕಿ ನೋಡಿ, ಎಲ್ಲೂ ಒಂದು ಕೆಂಪು ಗುರುತೂ ಇಲ್ಲವೆಂದು ಪ್ರತಿ ಸಲವೂ ಆಶ್ಚರ್ಯಪಡುತ್ತಿದ್ದಳು.

"ಇವನೇ ಹೇಳ್ತಾನಲ್ಲ" ಎನ್ನುತ್ತಿದ್ದಳು ರೋಸ್ವಿತಾ.

ನರ್ಸಿಗೆ ಅದು ಅರ್ಥವಾಗಿರಲಾರದು, ಅವನಿಗೆ ಒಂದಕ್ಷರವೂ ಹೊರಡುತ್ತಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲಾದರೂ ಉರಿ ಶುರುವಾದರೆ ಬೆನ್ನೊ ತನ್ನ ಎಡಗೈಯಿಂದ ಮಂಚದಂಚನ್ನು ತಟ್ಟುತ್ತಿದ್ದ. ಅವಳು ಹತ್ತಿರ ಬಂದರೆ ಅವಳ ಕೈ ಹಿಡಿದು, ನಿಧಾನವಾಗಿ ಎಳೆದು, ಹೊದಿಕೆಯ ಕೆಳಗೆ ಉರಿಯುವ ಜಾಗದ ಮೇಲೆ ಇಟ್ಟುಕೊಳ್ಳುತ್ತಿದ್ದ. ಪಕ್ಕದಲ್ಲಿ ಯಾರಿದ್ದರೂ ಸರಿಯೇ.